ಗೇರುಸೊಪ್ಪೆಯ ಹಾದಿಯಲ್ಲಿ ಮೂವತ್ತರ ವೇಗ

— ಅಕ್ಕೋರೆ, ನೀವು ಏನೇ ಹೇಳಿ, ಧಾರೇಶ್ವರದಿಂದ ಕಾರು ಹೊರಡಿಸಿ, ಹೊನ್ನಾವರ ದಾಟಿ, ಶರಾವತಿಯ ದಂಡೆ ಹಿಡಿದು ಗೇರುಸೊಪ್ಪೆಯವರೆಗೆ ಯಾವ ಕೆಲಸವೂ ಇಲ್ಲದೆ ನಿಧಾನಕ್ಕೆ ಹೋಗಿಬರುವುದು ಹೊಟ್ಟೆ ತುಂಬಿದವರ ಹವ್ಯಾಸ. ಪೆಟ್ರೋಲ್ ದಂಡ, ಹೊಗೆ ಬೇರೆ, ಹಿಂದೆ ಬರುವ ಗಾಡಿಗಳಿಗೆ ಅಡ್ಡ. ಒಂದು ಬದಿ ಕಾಡು, ಒಂದು ಬದಿ ನೀರು, ನಡುವೆ ಡೊಂಕು ರಸ್ತೆ. ಕಣ್ಣಿಗೆ ಚೆಂದ, ಒಪ್ಪಿದೆ. ಆದರೆ ಆ ಚೆಂದಕ್ಕಾಗಿ ರಸ್ತೆಯನ್ನು ಹಾಗೇ ಡೊಂಕಾಗಿ ಇಡಬೇಕು ಅಂತ ವಾದ ಮಾಡುತ್ತೀರಲ್ಲ, ಅದು ನನಗೆ ಅರ್ಥವಾಗುವುದಿಲ್ಲ.

— ಹೊಟ್ಟೆ ತುಂಬಿದವರ ಹವ್ಯಾಸವೇ ಸರಿ, ತಮಾ. ಹಸಿದವರು ಯಾರೂ ಹಿನ್ನೀರು ನೋಡಲು ಪೆಟ್ರೋಲ್ ಸುಡುವುದಿಲ್ಲ. ಕಾರು ಬಿಟ್ಟು ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದರೆ ಇನ್ನೂ ಒಳ್ಳೆಯದು ಎನ್ನುವುದನ್ನು ಬಿಟ್ಟರೆ ಆ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ನಾನು ಹೇಳುವುದು ಬೇರೆ. ಕಾಡಿಗೂ ನೀರಿಗೂ ನಡುವೆ ಹಾದುಹೋಗುವ ರಸ್ತೆ ಎಷ್ಟು ಅಗಲ, ಎಷ್ಟು ಡೊಂಕು ಎನ್ನುವುದರ ಮೇಲೆಯೇ ಆ ಕಾಡು, ಆ ನೀರು ನಮಗೆ ಏನಾಗಿ ಕಾಣುತ್ತವೆ ಎಂಬುದು ನಿಂತಿದೆ. ನಿಧಾನ ಎಂಬ ಗುಣವನ್ನು ನಾವು ಚಾಲಕನ ಸ್ವಭಾವ ಅಂದುಕೊಂಡಿದ್ದೇವೆ. ಅದು ರಸ್ತೆಯ ಸ್ವಭಾವ. ನಾಲ್ಕು ಪಥದ ಹೆದ್ದಾರಿಯಲ್ಲಿ ಎಂಥ ಸಮಾಧಾನಿಯೂ ಎಂಬತ್ತಕ್ಕೆ ಏರುತ್ತಾನೆ; ಗೇರುಸೊಪ್ಪೆಯಿಂದ ಮೇಲೇರುವ ಮಾಲೆಮನೆ ಘಟ್ಟದಲ್ಲಿ ಎಂಥ ಅವಸರದವನೂ ಮೂವತ್ತಕ್ಕೆ ಇಳಿಯುತ್ತಾನೆ. ಲೆಕ್ಕ ಹಾಕು. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್. 30 ಎಂದರೆ ಸೆಕೆಂಡಿಗೆ 8. ನಲವತ್ತು ಮೀಟರ್ ಉದ್ದದ ಒಂದು ಕಾಂಡ್ಲ ತೋಪು ಎಂಬತ್ತರಲ್ಲಿ ಎರಡು ಸೆಕೆಂಡಿಗೆ ಮುಗಿದುಹೋಗುತ್ತದೆ, ಮೂವತ್ತರಲ್ಲಿ ಐದು ಸೆಕೆಂಡು ಸಿಗುತ್ತದೆ. ಇದರಲ್ಲಿ ಏನು ಮಹಾ ಅನ್ನಬೇಡ. ಬ್ರೇಕ್ ಹಾಕಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಮೂವತ್ತಕ್ಕೆ ಬೇಕಾದ್ದರ ಏಳು ಪಟ್ಟು ಎಂಬತ್ತಕ್ಕೆ ಬೇಕು. ಹಾಗಾಗಿ ಎಂಬತ್ತರಲ್ಲಿ ಹೋಗುವವನ ಕಣ್ಣು ದೂರದ ಡಾಂಬರಿನ ಮೇಲೆಯೇ ನೆಟ್ಟಿರಬೇಕು. ಪಕ್ಕಕ್ಕೆ ನೋಡಿದರೆ ಅದು ತಪ್ಪು, ಅಪಾಯ ಕೂಡ. ಅವನಿಗೆ ಬದಿಯಲ್ಲಿ ಕಾಣುವುದು ಹಸಿರು ಬಣ್ಣದ ಒಂದು ಗೋಡೆ, ನೀಲಿ ಬಣ್ಣದ ಇನ್ನೊಂದು ಗೋಡೆ. ಅದಕ್ಕೆ ನಿಸರ್ಗ ಸೌಂದರ್ಯ ಎಂದು ಹೆಸರಿಟ್ಟು ಮನೆಗೆ ಬರುತ್ತಾನೆ.

— ಮೂವತ್ತರಲ್ಲಿ ಹೋದವನಿಗೆ ಅದಕ್ಕಿಂತ ಹೆಚ್ಚೇನು ಕಂಡೀತು? ಅವನೂ ಚೆಂದ ಅಂತಲೇ ಹೇಳುತ್ತಾನೆ.

— ಚೆಂದ ಎನ್ನುವ ಮಾತು ಕೊನೆಗೆ ಬಾಯಿಗೆ ಬರಲು ಹಿಂಜರಿಯುವಷ್ಟು ಕಾಣುತ್ತದೆ. ಶರಾವತಿಯನ್ನೇ ತೆಗೆದುಕೊ. ಏಪ್ರಿಲ್, ಮೇ ತಿಂಗಳಲ್ಲಿ ಗೇರುಸೊಪ್ಪೆಯ ಕೆಳಗೆ ಹೊಳೆ ಮೈತುಂಬಿ ಹರಿಯುತ್ತಿರುತ್ತದೆ. ಬಿರುಬೇಸಿಗೆಯಲ್ಲೂ ಇಷ್ಟು ನೀರು ಎಂದು ಘಟ್ಟದ ಮೇಲಿನಿಂದ ಬಂದವರು ಬೆರಗಾಗುತ್ತಾರೆ. ಆ ನೀರನ್ನು ಹರಿಸುತ್ತಿರುವುದು ಟರ್ಬೈನು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ಮಳೆಗಾಲದ ನೀರು ನಿಲ್ಲುತ್ತದೆ. ಅದು ತಳಕಳಲೆಗೆ ಬಂದು, ಶರಾವತಿ ವಿದ್ಯುದಾಗಾರದಲ್ಲಿ ಯಂತ್ರ ತಿರುಗಿಸಿ, ಗೇರುಸೊಪ್ಪೆಯಲ್ಲಿ ಇನ್ನೊಂದು ಅಣೆಕಟ್ಟಿಗೆ ಸಿಕ್ಕಿ, ಅಲ್ಲಿ ಮತ್ತೊಮ್ಮೆ ಯಂತ್ರ ತಿರುಗಿಸಿ ಕೆಳಗೆ ಬರುತ್ತದೆ. ಊರಿಗೆ ಕರೆಂಟು ಬೇಕಾದಷ್ಟು ದಿನವೂ ಹೊಳೆಗೆ ಸಿಹಿನೀರು ಬರುತ್ತಲೇ ಇರುತ್ತದೆ. ಅಳಿವೆಯಲ್ಲಿ ಬೇಸಿಗೆಯಲ್ಲಿ ಏರಬೇಕಾದ ಉಪ್ಪು ಏರುವುದಿಲ್ಲ. ಉಪ್ಪು ಏರದಿದ್ದರೆ ಬಳಚು, ಅಂದರೆ ತಿನ್ನುವ ಚಿಪ್ಪುಜೀವಿ, ಬೆಳೆಯುವುದಿಲ್ಲ. ಉತ್ತರಕ್ಕೆ ಅಘನಾಶಿನಿಯಲ್ಲಿ ದೊಡ್ಡ ಅಣೆಕಟ್ಟು ಇಲ್ಲ. ಅಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಬುಟ್ಟಿ ಹಿಡಿದು ನಡುಮಟ್ಟದ ನೀರಿನಲ್ಲಿ ಬಳಚು ಹೆಕ್ಕುತ್ತಾರೆ, ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ, 2024ರಲ್ಲಿ ಆ ಅಳಿವೆ ರಾಮ್ಸಾರ್ ಪಟ್ಟಿಗೂ ಸೇರಿತು. ಎರಡು ಹೊಳೆಗಳೂ ಒಂದೇ ಘಟ್ಟದಿಂದ ಇಳಿದು ಒಂದೇ ಸಮುದ್ರ ಸೇರುವಂಥವು, ಎರಡೂ ದೂರದಿಂದ ಒಂದೇ ನೀಲಿ. ಬೇಸಿಗೆಯಲ್ಲಿ ತುಂಬಿದ ಹೊಳೆ ಚೆಂದವೋ, ಇಳಿತಕ್ಕೆ ಕೆಸರು ತೋರಿಸಿ ಮಲಗುವ ಹೊಳೆ ಚೆಂದವೋ? ಎಂಬತ್ತರ ವೇಗದವನು ಮೊದಲನೆಯದಕ್ಕೆ ಓಟು ಹಾಕುತ್ತಾನೆ. ದಡದಲ್ಲಿ ದೋಣಿ ಎಷ್ಟಿವೆ, ನೀರಿಗೆ ಇಳಿದ ಜನ ಎಷ್ಟು ಎಂದು ನೋಡುವಷ್ಟು ಹೊತ್ತು ಸಿಕ್ಕವನು ಒಂದು ನಿಮಿಷ ಯೋಚಿಸಿಯಾನು.

— ಇದೆಲ್ಲ ಪುಸ್ತಕ ಓದಿದರೂ ತಿಳಿಯುತ್ತದೆ, ಅಕ್ಕೋರೆ. ನಿಮಗೂ ತಿಳಿದದ್ದು ಹಾಗೇ ಅಲ್ಲವೆ? ಉಪ್ಪಿನ ಅಂಶ ಕಾರಿನ ಕಿಟಕಿಯಿಂದ ಕಾಣುವುದಿಲ್ಲ.

— ಕಾಣುವುದಿಲ್ಲ, ನಿಜ. ಆದರೆ ಪ್ರಶ್ನೆ ಹುಟ್ಟುವುದು ಕಿಟಕಿಯಲ್ಲೇ. ಉತ್ತರಕ್ಕೆ ಪುಸ್ತಕ. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ 1623ರಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಲ್ಲಿ ದೋಣಿ ಹತ್ತಿ ಗೇರುಸೊಪ್ಪೆಗೆ ಬಂದ. ಆಗ ಇದೇ ಹೊಳೆಯೇ ರಸ್ತೆ. ಸರಕೆಲ್ಲ ದೋಣಿಯಲ್ಲಿ ಗೇರುಸೊಪ್ಪೆಯವರೆಗೆ, ಅಲ್ಲಿಂದ ಘಟ್ಟಕ್ಕೆ. ಈ ಹೊಳೆಯ ಚೆಲುವನ್ನು ಅವನು ಬಾಯ್ತುಂಬ ಹೊಗಳಿದ್ದಾನೆ. ಅದು ದೊಡ್ಡದಲ್ಲ, ಹೊಗಳುವುದು ಪ್ರವಾಸಿಗಳ ಕಸುಬು. ಅದೇ ಬರವಣಿಗೆಯಲ್ಲಿ ಅವನು ಗೇರುಸೊಪ್ಪೆಯ ನಗರ ಹಾಳುಬಿದ್ದು ಅದರ ಮೇಲೆ ಮರ ಬೆಳೆದದ್ದನ್ನೂ ಬರೆದ, ಅದು ದೊಡ್ಡದು. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ಆಳ್ವಿಕೆ ಮುಗಿದು ಇನ್ನೂ ಎರಡು ದಶಕವೂ ತುಂಬಿರಲಿಲ್ಲ. ನಾವು ಇವತ್ತು ದಟ್ಟಡವಿ ಎಂದು ಕೈ ತೋರಿಸುವ ಜಾಗದಲ್ಲಿ ಪೇಟೆಯಿತ್ತು, ಬಸದಿಗಳಿದ್ದವು. ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ಇನ್ನೂ ಮರಗಳ ನಡುವೆ ನಿಂತಿದೆ. ದೋಣಿಯ ವೇಗದವನಿಗೆ ಹೊಳೆಯ ಚೆಲುವೂ ಕಂಡಿತು, ಕಾಡು ನುಂಗಿದ ಊರೂ ಕಂಡಿತು.

ಇನ್ನು ಘಟ್ಟದ ಮಾತು. ಈ ಕರಾವಳಿಯ ಘಟ್ಟದ ರಸ್ತೆಗಳನ್ನು ಯಾರೂ ನೋಟಕ್ಕಾಗಿ ಕಡಿಯಲಿಲ್ಲ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಇಲ್ಲದಾಯಿತು. ಧಾರವಾಡದ ಕಡೆಯ ಹತ್ತಿ ಘಟ್ಟ ಇಳಿದು ಕುಮಟೆಯ ಬಂದರಿಗೆ ಬಂತು, ವಿಲಾಯಿತಿಯ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು. ಇದೇ ಗಡಿಬಿಡಿಯ ನಡುವೆ, 1862ರಲ್ಲಿ, ಈ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಮುಂಬಯಿಗೆ ವರ್ಗಾಯಿಸಿದರು. ಆ ಕಾಲದ ಘಟ್ಟದ ದಾರಿಯ ಏರು ಎತ್ತಿನ ಉಸಿರಿಗೆ ತಕ್ಕದ್ದಾಗಿರಬೇಕಿತ್ತು. ಹೇರು ಹೊತ್ತ ಜೋಡೆತ್ತು ಎಷ್ಟು ಕಡಿದಾದ ಏರನ್ನು ಎಳೆಯಬಲ್ಲದೋ ಅಷ್ಟೇ ಕಡಿದು. ಆದ್ದರಿಂದ ಗುಡ್ಡವನ್ನು ಸೀಳದೆ ಅದರ ಮೈಯನ್ನು ಸುತ್ತಿಕೊಂಡು ಹೋಗಬೇಕಾಯಿತು. ಇಂದು ನಾವು ಸವಿಯುವ ತಿರುವುಗಳೆಲ್ಲ ಎತ್ತುಗಳು ಬಿಟ್ಟುಹೋದ ಆಸ್ತಿ. ಅಂಥ ಹಾದಿಯಲ್ಲಿ ಮಾಲೆಮನೆಯತ್ತ ಏರಿದರೆ ಸಿದ್ದಾಪುರ ತಾಲೂಕಿನ ಕತ್ತಲೆಕಾನು ಸಿಗುತ್ತದೆ. ರಾಮಪತ್ರೆಯ ಜವುಗು ಅಲ್ಲಿದೆ, ನೀರಿನಲ್ಲೇ ನಿಂತ ಮರಗಳು ಉಸಿರಾಡಲು ಬೇರನ್ನು ಮೇಲಕ್ಕೆತ್ತಿ ಮಂಡಿ ಮಡಚಿ ಇಟ್ಟಿರುತ್ತವೆ. ಅಲ್ಲಿ ಸಿಕ್ಕ ಒಂದು ಮರದ ಜಾತಿಗೆ ಸಸ್ಯಶಾಸ್ತ್ರಜ್ಞರು ಕತ್ತಲೆಕಾನಿನ ಹೆಸರನ್ನೇ ಸೇರಿಸಿದ್ದಾರೆ. ಆ ಊರಿಗೆ ಆ ಹೆಸರು ಏಕೆ ಬಂತು ಎಂದು ಪುಸ್ತಕ ಹೇಳಬೇಕಿಲ್ಲ. ರಸ್ತೆಯ ಮೇಲೆ ಎರಡೂ ಬದಿಯ ಕೊಂಬೆ ಕೂಡಿಕೊಂಡಾಗ ನಡುಹಗಲಲ್ಲೇ ಬೆಳಕು ಇಳಿದುಹೋಗುತ್ತದಲ್ಲ, ಅಷ್ಟು ಸಾಕು. ಆ ಕೊಂಬೆ ಕೂಡಬೇಕಾದರೆ ರಸ್ತೆ ಕಿರಿದಾಗಿರಬೇಕು. ನಾಲ್ಕು ಪಥ ಮಾಡಿ, ನೆರಳು ಉಳಿಸಿ ಎನ್ನುವವರು ಮರದ ಕೊಂಬೆಯ ಉದ್ದ ಅಳೆದವರಲ್ಲ. ಸಿಂಗಳೀಕ ಮರದಿಂದ ಮರಕ್ಕೆ ಹೋಗುವ ಪ್ರಾಣಿ, ನೆಲಕ್ಕೆ ಇಳಿಯುವುದು ಬಹಳ ಅಪರೂಪ. ಈ ಕಣಿವೆಯಲ್ಲಿ 930 ಚದರ ಕಿಲೋಮೀಟರನ್ನು 2019ರಲ್ಲಿ ಅದರ ಹೆಸರಿನಲ್ಲೇ ಅಭಯಾರಣ್ಯ ಮಾಡಿದರು. ಕೊಂಬೆ ತುಂಡಾದ ಕಡೆ ಅದು ಡಾಂಬರಿಗೆ ಇಳಿಯಬೇಕಾಗುತ್ತದೆ. ಅಲ್ಲಿಗೆ ಬರುವುದು ಎಂಬತ್ತರ ಗಾಡಿ.

— ಮಂಗನಿಗೆ ಕೊಂಬೆ ಬೇಕು, ಮನುಷ್ಯನಿಗೆ ಆಸ್ಪತ್ರೆ ಬೇಡವೆ? ಉತ್ತರ ಕನ್ನಡದಲ್ಲಿ ದೊಡ್ಡ ಆಸ್ಪತ್ರೆ ಇಲ್ಲ ಎನ್ನುವುದು ನಿಮಗೆ ಗೊತ್ತು. ತಲೆಗೆ ಪೆಟ್ಟಾದರೆ, ಹೃದಯಕ್ಕೆ ಏನಾದರೂ ಆದರೆ ಮಣಿಪಾಲ, ಮಂಗಳೂರು, ಇಲ್ಲವೇ ಗೋವಾ. ಆಂಬುಲೆನ್ಸಿನಲ್ಲಿ ಮಲಗಿದವನಿಗೆ ಪ್ರತಿ ತಿರುವೂ ಒಂದೊಂದು ನಿಮಿಷ. ಎತ್ತುಗಳು ಬಿಟ್ಟುಹೋದ ಆಸ್ತಿ ಎಂದು ನೀವು ಚೆಂದವಾಗಿ ಹೇಳುತ್ತೀರಿ. ಆ ಆಸ್ತಿಯ ಕಂದಾಯ ಕಟ್ಟುತ್ತಿರುವವರು ಯಾರು?

— ಇದು ಗಟ್ಟಿ ಪ್ರಶ್ನೆ, ತೇಲಿಸಿ ಹೇಳುವುದಿಲ್ಲ. ಆ ನಿಮಿಷಕ್ಕಾಗಿಯೇ ಕರಾವಳಿಯಲ್ಲಿ ಹೆದ್ದಾರಿ 66 ಅಗಲವಾಯಿತು. ಅದು ಬೇಡವಿತ್ತು ಎಂದು ನಾನು ಹೇಳುವುದಿಲ್ಲ. ಧಾರೇಶ್ವರದ ಪಕ್ಕದಲ್ಲೇ ಅದು ಹಾದುಹೋಗುತ್ತದೆ. ಗೋಕರ್ಣದಲ್ಲಿ ಆತ್ಮಲಿಂಗ ನೆಲಕ್ಕೆ ಕಚ್ಚಿಕೊಂಡ ಮೇಲೆ ರಾವಣ ಸಿಟ್ಟಿನಲ್ಲಿ ಎಸೆದ ದಾರ ಬಿದ್ದ ಊರು ಇದು ಎನ್ನುತ್ತದೆ ಸ್ಥಳಪುರಾಣ. ಸಜ್ಜೇಶ್ವರ, ಗುಣವಂತೇಶ್ವರ, ಮುರ್ಡೇಶ್ವರ ಉಳಿದ ತುಂಡುಗಳು. ಅವನು ದಿಕ್ಕುದಿಕ್ಕಿಗೆ ಎಸೆದದ್ದನ್ನು ಈಗಿನ ಭಕ್ತರು ಒಂದೇ ಹಗಲಿನಲ್ಲಿ ಹೆಕ್ಕಿಕೊಂಡು ಬರುತ್ತಾರೆ, ಅದಕ್ಕೆ ಆ ಹೆದ್ದಾರಿಗೆ ಕೃತಜ್ಞರಾಗಿರಬೇಕು. ಆದರೆ ಅಗಲವಾದ ರಸ್ತೆ ತಾನಾಗಿ ಜೀವ ಉಳಿಸುತ್ತದೆ ಎಂಬ ನಂಬಿಕೆಯನ್ನು ಶಿರೂರು ಎಂಬ ಎರಡು ಊರುಗಳು ಪರೀಕ್ಷೆಗೆ ಹಚ್ಚಿದವು. ಬೈಂದೂರಿನ ಶಿರೂರಿನಲ್ಲಿ, 2022ರ ಜುಲೈಯಲ್ಲಿ, ಹೊನ್ನಾವರದಿಂದ ರೋಗಿಯನ್ನು ಹೊತ್ತು ಓಡುತ್ತಿದ್ದ ಆಂಬುಲೆನ್ಸ್ ಮಳೆಗೆ ಜಾರಿ ಟೋಲ್ ಗೇಟಿಗೆ ಬಡಿಯಿತು, ನಾಲ್ವರು ಸತ್ತರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆ ತಿಂಗಳು ಎಲ್ಲೆಡೆ ಎದ್ದಿತು. ಎರಡು ವರ್ಷ ಕಳೆದು, 2024ರ ಜುಲೈ 16ರಂದು, ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಬದಿಯ ಚಹಾದಂಗಡಿ, ನಿಂತ ಲಾರಿ, ಜನ ಎಲ್ಲವನ್ನೂ ಗಂಗಾವಳಿಗೆ ನೂಕಿತು. ಒಂದು ಬದಿ ಗುಡ್ಡ, ಒಂದು ಬದಿ ಹೊಳೆ ಇರುವಲ್ಲಿ ರಸ್ತೆಗೆ ಅಗಲ ಬೇಕೆಂದರೆ ಗುಡ್ಡದ ಬುಡವನ್ನೇ ಕಡಿಯಬೇಕು. ಬುಡ ಹೋದ ಜಂಬಿಟ್ಟಿಗೆ ಮಣ್ಣು ಮಳೆನೀರು ಕುಡಿದು ಭಾರವಾದಾಗ ಅದನ್ನು ಹಿಡಿದು ನಿಲ್ಲಿಸುವವರು ಯಾರೂ ಇರುವುದಿಲ್ಲ. ಗೇರುಸೊಪ್ಪೆಯ ಹಾದಿ, ಮಾಲೆಮನೆ ಘಟ್ಟ ಇದೇ ಜಾತಕದವು, ಕರಾವಳಿಗಿಂತ ಕಡಿದು ಬೇರೆ. ಮಣಿಪಾಲದ ದಾರಿಯನ್ನು ಎಷ್ಟು ನೇರ ಮಾಡಿದರೂ ಅದು ನೂರು ಕಿಲೋಮೀಟರಿಗಿಂತ ಹತ್ತಿರ ಬರುವುದಿಲ್ಲ. ಆಸ್ಪತ್ರೆಯನ್ನು ಕುಮಟೆಗೋ ಹೊನ್ನಾವರಕ್ಕೋ ತರಬಹುದು. ಆಸ್ಪತ್ರೆ ಕೊಡುವ ಬದಲು ರಸ್ತೆ ಕೊಟ್ಟು ಕೈತೊಳೆದುಕೊಳ್ಳುವುದು ಆಳುವವರಿಗೆ ಅಗ್ಗ, ನಮಗಲ್ಲ. ಘಟ್ಟದ ರಸ್ತೆಗೆ ಬೇಕಾದದ್ದು ಒಳ್ಳೆಯ ಡಾಂಬರು, ಹೂಳು ತೆಗೆದ ಚರಂಡಿ, ತಿರುವಿನಲ್ಲಿ ತಡೆಗೋಡೆ, ರಾತ್ರಿ ಹೊಳೆಯುವ ಗುರುತು. ಇವು ಯಾವುದಕ್ಕೂ ಗುಡ್ಡ ಕಡಿಯಬೇಕಿಲ್ಲ.

— ಕರಾವಳಿಯ ಮಾತು ಬಿಡಿ. ಘಟ್ಟದ ಮೇಲೆ ಸಿಗಂದೂರಿನ ಲಾಂಚ್ ನೆನಪಿಸಿಕೊಳ್ಳಿ. ನಿಧಾನದ ಪ್ರಯಾಣ ಎಂದು ಪೇಟೆಯವರೆಲ್ಲ ಕೊಂಡಾಡಿದ್ದೇ ಕೊಂಡಾಡಿದ್ದು. ಕಾರು, ಬಸ್ಸು ಎಲ್ಲ ಲಾಂಚಿನ ಮೇಲೆ ಏರಿಸಿ, ಲಿಂಗನಮಕ್ಕಿಯ ಹಿನ್ನೀರಿನ ಮೇಲೆ ತೇಲಿಕೊಂಡು, ಫೋಟೋ ಹೊಡೆದುಕೊಂಡು ದೇವಸ್ಥಾನಕ್ಕೆ ಹೋಗುತ್ತಿದ್ದರು. ಆ ಕಡೆಯ ದಂಡೆಯ ತುಮರಿಯವರಿಗೆ ಮಾತ್ರ ಹೆರಿಗೆ ನೋವು ಬಂದರೂ ಲಾಂಚಿನ ವೇಳೆ, ಕಾಲೇಜಿಗೆ ಹೋಗಲೂ ಲಾಂಚಿನ ವೇಳೆ. ನೀರು ಇಳಿದ ಬೇಸಿಗೆಯಲ್ಲಿ ವಾಹನ ಹತ್ತಿಸುವುದೇ ಬಂದ್. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಆಯಿತಲ್ಲ, ಎರಡು ಕಿಲೋಮೀಟರಿಗೂ ಮಿಕ್ಕಿದ ಸೇತುವೆ. ಅದನ್ನೂ ನೀವು ಲಾಂಚಿನ ಚೆಂದ ಹೋಯಿತು ಎಂದು ಅಳುತ್ತೀರೋ?

— ಅಳುವುದಿಲ್ಲ. ಇಲ್ಲಿ ನೀನು ಗೆದ್ದೆ, ನಾನು ನನ್ನ ಮಾತನ್ನು ತಿದ್ದಿಕೊಳ್ಳಬೇಕು. ನಿಧಾನ ಬೇರೆ, ತಡ ಬೇರೆ. ಬೇರೆ ದಾರಿ ಇದ್ದೂ ಆರಿಸಿಕೊಂಡದ್ದು ನಿಧಾನ. ಬೇರೆ ದಾರಿ ಇಲ್ಲದೆ ಅನುಭವಿಸಿದ್ದು ತಡ. ಲಾಂಚಿನ ಮೇಲೆ ಪಕ್ಕಪಕ್ಕದಲ್ಲೇ ನಿಂತಿದ್ದರೂ ಪ್ರವಾಸಿಯದು ನಿಧಾನ, ತುಮರಿಯವರದು ತಡ. ಅದೂ ಎಂಥ ತಡ! ಊರಿಗೆಲ್ಲ ಬೆಳಕು ಕೊಡಲೆಂದು ಅವರ ಗದ್ದೆ, ತೋಟ, ಊರಿನ ದಾರಿ ಮುಳುಗಿದವು. ಅರವತ್ತು ವರ್ಷ ಆ ಬೆಳಕಿನ ಕೆಳಗೇ ಅವರು ದಂಡೆಯಲ್ಲಿ ಕಾದು ನಿಂತರು. ನಾ. ಡಿಸೋಜ ಅವರ ‘ದ್ವೀಪ’ ಕಾದಂಬರಿಯನ್ನು ಓದಿದವರಿಗೂ, ಗಿರೀಶ ಕಾಸರವಳ್ಳಿಯವರು ಅದರಿಂದ ಮಾಡಿದ ಸಿನಿಮಾ ನೋಡಿದವರಿಗೂ ಹಿನ್ನೀರು ಎಂಬ ಮಾತು ಮತ್ತೆ ಬರೀ ನೀಲಿಯಾಗಿ ಕೇಳಿಸದು. ಹಾಗಾಗಿ ಕಾಡಿನ ಬದಿಯ ಸರೋವರ ಎಂದು ನಾವು ಕರೆಯುವ ಕಡೆಯಲ್ಲೆಲ್ಲ ಮೊದಲು ಕೇಳಬೇಕಾದದ್ದು, ಈ ರಸ್ತೆಯ ಇಕ್ಕಟ್ಟು ಯಾರಿಗೆ ತಡವಾಗಿದೆ ಎಂದು. ತಡವಾಗಿದ್ದರೆ ಸೇತುವೆ ಕಟ್ಟಲಿ, ಚೆಂದ ಹಾಳಾಗಲಿ. ಆದರೆ ಅದೇ ಪ್ರಶ್ನೆಯನ್ನು ಅಗಲಗೊಳಿಸುವವರಿಗೂ ಕೇಳು. ಶರಾವತಿ ಕಣಿವೆಯಲ್ಲಿ ಈಗ 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತಿದೆ. ಕರೆಂಟು ಹೆಚ್ಚಿದ್ದಾಗ ಗೇರುಸೊಪ್ಪೆಯ ನೀರನ್ನು ತಳಕಳಲೆಗೆ ಎತ್ತುವುದು, ಬೇಡಿಕೆ ಏರಿದಾಗ ಬಿಡುವುದು. ಎತ್ತಲು ಖರ್ಚಾಗುವ ಕರೆಂಟು ಬಿಟ್ಟಾಗ ಸಿಗುವುದಕ್ಕಿಂತ ಹೆಚ್ಚು, ಆದರೂ ಹೊತ್ತಿಗೆ ಒದಗುತ್ತದೆ ಎನ್ನುವುದು ಲೆಕ್ಕ. ಆ ಲೆಕ್ಕ ಸರಿಯೋ ತಪ್ಪೋ, ಅದು ಇನ್ನೊಂದು ಸಂಜೆಯ ಚರ್ಚೆ. ಅದಕ್ಕಾಗಿ ಸಿಂಗಳೀಕದ ಕಾಡಿನೊಳಗೆ ಭಾರಿ ಯಂತ್ರ ಸಾಗಿಸುವ ರಸ್ತೆ ಬೇಕಾದಾಗ, ಅದು ಯಾರ ತಡವನ್ನು ನೀಗುತ್ತದೆ? ತುಮರಿಯವರ ತಡಕ್ಕೆ ಅರವತ್ತು ವರ್ಷ ಕೈಕಟ್ಟಿ ಕೂತವರು ಯಂತ್ರದ ತಡಕ್ಕೆ ಇಷ್ಟು ಚಡಪಡಿಸುವುದು ನನಗೆ ಒಗ್ಗುವುದಿಲ್ಲ.

— ನೀವು ಇನ್ನೊಂದನ್ನು ಮರೆಯುತ್ತಿದ್ದೀರಿ. ಯಂತ್ರಕ್ಕಿಂತ ಮೊದಲು ಕಾಡು ಕೆಡಿಸುವವರು ನಿಮ್ಮ ನಿಧಾನದವರೇ. ಅವರಿಗೆ ನಿಲ್ಲಲು ಜಾಗ ಬೇಕು, ಫೋಟೋಕ್ಕೆ ಕಟ್ಟೆ ಬೇಕು, ಚಹಾ ಬೇಕು, ಆಮೇಲೆ ಹೋಮ್‌ಸ್ಟೇ ಬೇಕು. ಹೋಗುವಾಗ ಬಾಟಲಿ ಎಸೆದು ಹೋಗುತ್ತಾರೆ. ಸರಸರ ದಾಟಿಹೋಗುವವನು ಕನಿಷ್ಠ ಹಾಳು ಮಾಡುವುದಿಲ್ಲ.

— ಒಪ್ಪಿದೆ, ಪೂರ್ತಿ ಒಪ್ಪಿದೆ. ರಸ್ತೆಯ ಚೆಂದಕ್ಕೆ ಫಲಕ ಹಾಕಿದ ದಿನವೇ ಅದರ ಸಾವು ಶುರು. ವ್ಯೂ ಪಾಯಿಂಟ್ ಎಂದು ಮರ ಕಡಿದು ಕಾಂಕ್ರೀಟು ಹಾಕುತ್ತಾರೆ, ಅಲ್ಲಿ ನಿಂತವನಿಗೆ ಕಾಣುವುದು ಮುಂದೆ ನಿಂತವನ ಬೆನ್ನು. ಆದ್ದರಿಂದ ನನ್ನ ವಾದದಲ್ಲಿ ನಿಧಾನದವನಿಗೆ ಯಾವ ಹಕ್ಕೂ ಇಲ್ಲ, ಅವನಿಗಾಗಿ ಒಂದು ಕಲ್ಲನ್ನೂ ಕದಲಿಸಬಾರದು. ನಿಲ್ಲಬೇಕೆಂದರೆ ಇರುವ ಊರಿನಲ್ಲಿ, ಇರುವ ಹೋಟೆಲಿನ ಎದುರು ನಿಲ್ಲಲಿ. ಕಾಡಿನಲ್ಲಿ ಗಾಡಿ ನಿಲ್ಲಿಸದೆ ಹೋಗುವುದಕ್ಕೂ ಮೂವತ್ತರ ವೇಗ ಸಾಕು. ಅದರಲ್ಲೇ ಕಂಡಷ್ಟು ಕಂಡಿತು. ನಿಧಾನವೂ ವೇಗವೂ ಒಟ್ಟಿಗೆ ಉಳಿಯಬಹುದು ಎನ್ನುವುದಕ್ಕೆ ಯಕ್ಷಗಾನ ನೋಡು. ರಾತ್ರಿಯಿಡೀ ನಡೆಯುತ್ತಿದ್ದ ಆಟ ಕಾಲಮಿತಿಗೆ ಬಂತು, ಕೆಲವೇ ತಾಸಿನಲ್ಲಿ ಮುಗಿಯುತ್ತದೆ. ಬಂದದ್ದು ತಪ್ಪೇನಲ್ಲ, ಮರುದಿನ ಕೆಲಸಕ್ಕೆ ಹೋಗುವವರಿಗೆ ಅದೇ ಅನುಕೂಲ. ಆದರೆ ಕಾಲಮಿತಿ ಬಂತೆಂದು ಬೆಳಗಿನ ತನಕದ ಆಟವನ್ನು ಯಾರೂ ನಿಷೇಧಿಸಲಿಲ್ಲ. ಎರಡೂ ಇವೆ, ನೋಡುವವರು ಆರಿಸಿಕೊಳ್ಳುತ್ತಾರೆ. ರಸ್ತೆಯಲ್ಲಿ ಹಾಗಾಗುವುದಿಲ್ಲ, ತಮಾ. ಒಮ್ಮೆ ಗುಡ್ಡ ಕಡಿದು ನೇರ ಮಾಡಿದ ಮೇಲೆ ಡೊಂಕು ಹಾದಿ ಬೇಕೆಂದವನಿಗೆ ಅದು ಎಲ್ಲಿಂದ ಸಿಗಬೇಕು? ಕರಾವಳಿಗೆ ವೇಗದ ರಸ್ತೆ ಒಂದು ಸಿಕ್ಕಿದೆ, ಅದಕ್ಕೆ ಬೆಲೆಯನ್ನೂ ತೆತ್ತಿದ್ದೇವೆ. ಹೊಳೆ ಬದಿಯದನ್ನು ಎತ್ತು ಬಿಟ್ಟುಹೋದಂತೆ ಬಿಡಿ ಎನ್ನುವುದಷ್ಟೇ ನನ್ನ ಕೋರಿಕೆ.

— ಬಿಟ್ಟರು ಅಂದುಕೊಳ್ಳಿ. ಆದರೂ ಅದೇ ಕಿರಿದು ರಸ್ತೆಯಲ್ಲೇ ತಾನೆ ಹೊನ್ನಾವರದ ಮೀನು ಸಾಗರಕ್ಕೆ, ಶಿವಮೊಗ್ಗಕ್ಕೆ ಹೋಗುವುದು? ನಿಮ್ಮ ಮೂವತ್ತರ ಕಾರಿನ ಹಿಂದೆ ಮೀನಿನ ಲಾರಿ ಬಂದು ಹಾರ್ನ್ ಹೊಡೆದರೆ?

— ಎಡಕ್ಕೆ ಸರಿದು ದಾರಿ ಕೊಡುವುದು, ಮತ್ತೇನು? ಅವನ ಪೆಟ್ಟಿಗೆಯಲ್ಲಿ ಮಂಜುಗಡ್ಡೆ ಕರಗುತ್ತಾ ಇರುತ್ತದೆ.